ಕಿಬಾಲೆ ಕಾಡಿನವರು

ನನ್ನ ಮೊಮ್ಮಗಳು ಶ್ರಾವಣಿಗೆ ಕನ್ನಡ ಬರುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರುತ್ತದೆ. ಬೈದರೆ ಕಣ್ಣು ತುಂಬಿಕೊಳ್ಳುತ್ತಾಳೆ, ಗಾದೆ ಹೇಳಿದರೆ ನಗುತ್ತಾಳೆ, ಅಡುಗೆಮನೆಯಲ್ಲಿ ಅವಳ ಅಮ್ಮನ ಬಗ್ಗೆ ನಾನು ಗೊಣಗಿದ್ದನ್ನು ಹಾಲಿಗೆ ಹೋಗಿ ಒಂದಕ್ಷರ ಬಿಡದೆ ವರದಿ ಒಪ್ಪಿಸುತ್ತಾಳೆ. ಆ ವರದಿ ಇಂಗ್ಲಿಷಿನಲ್ಲಿರುತ್ತದೆ, ಅಷ್ಟೆ.

ಕುವೈತಿನಲ್ಲಿ ಬೆಳೆದ ಮಕ್ಕಳೆಲ್ಲ ಹೀಗೇ ಎಂದು ಸಾಲ್ಮಿಯಾದ ನಮ್ಮ ಕಟ್ಟಡದ ತಾಯಂದಿರು ಸಮಾಧಾನ ಹೇಳುತ್ತಾರೆ. ಎಲ್ಲರ ಮನೆ ದೋಸೆಯೂ ತೂತೇ, ನಿಜ. ಆದರೆ ನಮ್ಮ ಮನೆ ದೋಸೆಗೆ ಈ ತೂತು ಮಾಡಿದವನು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಅವನ ಹೆಸರು ಯಶೋಧರ.

ಯಶೋಧರ ನಮ್ಮ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ನನ್ನ ಮಗ ಧನಂಜಯನ ವಯಸ್ಸಿನವನು, ಆದ್ದರಿಂದ ಅವನನ್ನು ಏಕವಚನದಲ್ಲಿ ಕರೆಯುವ ಹಕ್ಕು ನನಗಿದೆ. ಬ್ಯಾಂಕಿನಲ್ಲಿ ಕೆಲಸ, ಮದ್ದೂರಿನ ಕಡೆಯವನು, ಕೆಟ್ಟವನೇನಲ್ಲ. ಆಸ್ಪತ್ರೆಯಲ್ಲಿ ಯಾರಿಗಾದರೂ ರಕ್ತ ಬೇಕಾದರೆ, ಯಾವ ಹುಡುಗನಿಗಾದರೂ ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಜೊತೆ ತಂಟೆಯಾದರೆ ಮೊದಲು ಓಡಿಬರುವವನು ಅವನೇ. ಆದರೆ ಕೈಗೆ ಮೈಕು ಸಿಕ್ಕಿತೆಂದರೆ ಅವನಿಗೆ ಹಿಂದುಮುಂದು ತಿಳಿಯುವುದಿಲ್ಲ.

ಶ್ರಾವಣಿಗೆ ಎಂಟು ವರ್ಷವಿದ್ದಾಗ ಸಂಘದ ಯುಗಾದಿ ಹಬ್ಬಕ್ಕೆ ಮಕ್ಕಳನ್ನೆಲ್ಲ ವೇದಿಕೆಗೆ ಕರೆದು ನಾಲ್ಕು ಮಾತಾಡಿಸಿದರು. ನಮ್ಮ ಹುಡುಗಿ ರೇಷ್ಮೆ ಲಂಗ ಎತ್ತಿಕೊಂಡು ಹತ್ತಿ, ಹೆದರದೆ ಶುರು ಮಾಡಿದಳು: "ನಮ್ಮ ಅಪ್ಪ ಆಫೀಸಿಂದ ಬೇಗ ಬಂತು. ಅಮ್ಮ ಒಬ್ಬಟ್ಟು ಮಾಡ್ತು. ಅಜ್ಜಿ ಎಲ್ಲರಿಗೂ ಬೈತು."

ಸಭೆ ಗೊಳ್ಳೆಂದಿತು. ಅಲ್ಲಿಗೆ ಬಿಟ್ಟಿದ್ದರೆ ಮಗುವೂ ನಕ್ಕು ಇಳಿದುಬರುತ್ತಿತ್ತು. ಯಶೋಧರ ಮೈಕು ಎತ್ತಿಕೊಂಡು, "ಅಪ್ಪ ಬಂತಾ ಪುಟ್ಟಾ? ಬಾಲ ಅಲ್ಲಾಡಿಸ್ಕೊಂಡು ಬಂತಾ?" ಎಂದು ಕೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶ್ರಾವಣಿ ತಾನು ಹಿಡಿದಿದ್ದ ಮೈಕನ್ನು ನೆಲದ ಮೇಲಿಟ್ಟು, ಮೆಟ್ಟಿಲಿಳಿದು ಬಂದು ನನ್ನ ತೊಡೆಯಲ್ಲಿ ಮುಖ ಹುದುಗಿಸಿದಳು. ಆವತ್ತು ನಿಂತ ಕನ್ನಡ ಆಮೇಲೆ ಅವಳ ಬಾಯಿಂದ ಹೊರಡಲೇ ಇಲ್ಲ.

ಮಗುವಿನ ತಪ್ಪೇನಿತ್ತು? ಎಳೆಮಕ್ಕಳಿಗೆ ನಾವೇ ತಾನೇ "ಪಾಪು ಬಂತು, ಚಿನ್ನು ಮಮ್ಮು ತಿಂತು" ಎನ್ನುವುದು? ಅವಳು ಕೇಳಿದ ಕನ್ನಡವೆಲ್ಲ ಅವಳ ಬಗ್ಗೆಯೇ ಇತ್ತು. ಅದನ್ನೇ ಪಾಪ ಅಪ್ಪ ಅಮ್ಮನಿಗೂ ಹಂಚಿದಳು. ನಮ್ಮ ಹುಣಸೂರಿನಲ್ಲಾಗಿದ್ದರೆ ಬೀದಿ ತಿದ್ದುತ್ತಿತ್ತು. ಇಲ್ಲಿ ಬೀದಿಗಿಳಿದರೆ ಅರಬ್ಬಿ, ಹಿಂದಿ, ಮಲಯಾಳಂ.

ನಾನು ಸುಮ್ಮನಿರುವ ಹೆಂಗಸಲ್ಲ. ನಮ್ಮ ಯಜಮಾನರು ಬೆಟ್ಟಯ್ಯನವರು ತೀರಿಕೊಂಡ ಮೇಲೆ ಮಗ ನನ್ನನ್ನು ಇಲ್ಲಿಗೆ ಕರೆಸಿಕೊಂಡದ್ದು ಸೋಫಾ ಕಾಯುವುದಕ್ಕಲ್ಲ. ಮಾರನೆಯ ದಿನದಿಂದಲೇ ಪಾಠ ಶುರು ಮಾಡಿದೆ. "ದೊಡ್ಡೋರಿಗೆಲ್ಲ ಅವರು. ಅಪ್ಪ ಬಂದ್ರು, ಅಮ್ಮ ಬಂದ್ರು. ಸ್ಕೂಲ್ ಬಸ್ ಡ್ರೈವರ್ ಬಂದ್ರು, ಕಟ್ಟಡ ಕಾಯೋ ಹಾರಿಸ್ ಬಂದ್ರು, ಬಕಾಲಾ ಅಂಗಡಿಯ ಬಂಗಾಲಿ ಭಾಯಿ ಹಾಲು ತಂದ್ರು. ಗೊತ್ತಾಯ್ತಾ?" ಅವಳು ತಲೆಯಾಡಿಸುತ್ತಿದ್ದಳು. "ಗಾಟ್ ಇಟ್, ಅಜ್ಜಿ" ಎನ್ನುತ್ತಿದ್ದಳು. ಗಾಟ್ ಇಟ್ಟೋ ಗೀಟ್ ಇಟ್ಟೋ, ಬಾಯಿ ಮಾತ್ರ ಬಿಡಲಿಲ್ಲ.

ಹೀಗಿರುವಾಗ ಧನಂಜಯ ಉಗಾಂಡಾ ಪ್ರವಾಸ ಹೊರಡಿಸಿದ. ಅವನು ತೈಲ ಕಂಪನಿಯೊಂದರಲ್ಲಿ ಎಂಜಿನಿಯರು, ಆದರೆ ಜೀವ ಇರುವುದೆಲ್ಲ ಹಕ್ಕಿಯಲ್ಲಿ. ಚಳಿಗಾಲದಲ್ಲಿ ಕುವೈತಿಗೆ ವಲಸೆ ಬರುವ ಹಕ್ಕಿಗಳ ಫೋಟೋ ತೆಗೆಯಲು ಒರಳುಕಲ್ಲಿನಷ್ಟು ಭಾರದ ಲೆನ್ಸ್ ಹೊತ್ತು ಮರಳಿನಲ್ಲಿ ಮಲಗುತ್ತಾನೆ. ಕಿಬಾಲೆ ಎಂಬ ಮಳೆಕಾಡಿನ ರಾಷ್ಟ್ರೀಯ ಉದ್ಯಾನವನ್ನು ನೋಡಬೇಕೆಂಬುದು ಅವನ ಬಹುಕಾಲದ ಹಂಬಲ. ಅಲ್ಲಿ ಚಿಂಪಾಂಜಿಗಳನ್ನು ನಡೆದುಕೊಂಡೇ ಹೋಗಿ ನೋಡಬಹುದು, ಆದರೆ ಹನ್ನೆರಡು ತುಂಬದ ಮಕ್ಕಳನ್ನು ಬಿಡುವುದಿಲ್ಲ. ಶ್ರಾವಣಿಗೆ ಹನ್ನೆರಡು ತುಂಬಿದ ವರ್ಷವೇ ಬಕ್ರೀದ್ ರಜೆಗೆ ಟಿಕೆಟ್ ಮಾಡಿಸಿದ.

"ಅತ್ತೆ, ನೀವು ಇಲ್ಲೇ ಇರಿ. ಪಕ್ಕದ ಮನೆಯ ವೈಲೆಟ್ ಆಂಟಿ ನೋಡ್ಕೋತಾರೆ. ಅಲ್ಲಿ ಗಂಟೆಗಟ್ಲೆ ಕೆಸರಲ್ಲಿ ನಡೀಬೇಕಂತೆ" ಎಂದಳು ಸೊಸೆ ಮೇದಿನಿ.

"ಕಾಡಿನಲ್ಲಿ ಮಂಗ ನೋಡೋಕೆ ನಿಮ್ಮಪ್ಪನ ಅಪ್ಪಣೆ ಬೇಕೇನೆ?" ಎಂದೆ. ಮರುದಿನ ಎಗೈಲಾದ ಮಾಲಿಗೆ ಹೋಗಿ ನನ್ನ ಅಳತೆಯ ಬೂಟು ತಂದೆ. ಸೀರೆಗೆ ಬೂಟು ಹಾಕಿಕೊಂಡು ಹಾಲಿನಲ್ಲಿ ಓಡಾಡಿ ತೋರಿಸಿದ ಮೇಲೆ ಯಾರೂ ಉಸಿರೆತ್ತಲಿಲ್ಲ.

ನಾವು ಹೊರಟಾಗ ಕುವೈತಿನಲ್ಲಿ ಬಾಗಿಲ ಹಿಡಿ ಮುಟ್ಟಿದರೆ ಕೈ ಸುಡುವಂಥ ಬಿಸಿಲು. ಎಂಟೆಬೆಯಲ್ಲಿ ಇಳಿದಾಗ ತಣ್ಣನೆ ಗಾಳಿ. ಅಲ್ಲಿಂದ ಇಡೀ ದಿನದ ಕಾರು ಪ್ರಯಾಣ, ಕೊನೆಗೆ ಫೋರ್ಟ್ ಪೋರ್ಟಲ್ ಎಂಬ ಊರು, ಸುತ್ತ ಚಹಾ ತೋಟ, ಅದರಾಚೆ ಕಾಡು. ಕಾಡಿನ ಬಾಗಿಲಲ್ಲಿ ಹಸಿರು ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ನಮ್ಮನ್ನು ಎದುರುಗೊಂಡಳು. ಹೆಸರು ಕೆಮಿಗಿಸಾ, ನಮ್ಮ ಗೈಡು. ನನ್ನ ಕೈ ಹಿಡಿದು ಏನೋ ಕೇಳಿದಳು. ಧನಂಜಯ ಕನ್ನಡದಲ್ಲಿ ಹೇಳಿದ: "ಅಮ್ಮಾ, ನಿನ್ನ ಎಂಪಾಕೊ ಏನು ಅಂತ ಕೇಳ್ತಿದಾಳೆ."

ಅವಳು ತೂರೋ ಜನಾಂಗದವಳು. ಅವರಲ್ಲಿ ಪ್ರತಿಯೊಬ್ಬರಿಗೂ ಇಟ್ಟ ಹೆಸರಿನ ಜೊತೆಗೆ ಇನ್ನೊಂದು ಹೆಸರಿರುತ್ತದಂತೆ, ಪ್ರೀತಿಗೆ ಮತ್ತು ಮರ್ಯಾದೆಗೆ. ಅದೇ ಎಂಪಾಕೊ. ಹಿರಿಯರನ್ನು ಆ ಹೆಸರಿಲ್ಲದೆ ಮಾತಾಡಿಸಿದರೆ ಅಗೌರವ. ನನಗೆ ಆ ಹುಡುಗಿಯ ಮೇಲೆ ಒಮ್ಮೆಲೇ ಅಕ್ಕರೆ ಉಕ್ಕಿತು. "ನೋಡೆ, ಇವರಲ್ಲೂ ನಮ್ಮ ಥರಾನೇ ಅವರು ಇವರು ಇದೆ!" ಎಂದು ಶ್ರಾವಣಿಯ ಬೆನ್ನಿಗೆ ಗುದ್ದಿದೆ. ನಮಗೆ ಎಂಪಾಕೊ ಇಲ್ಲವೆಂದು ತಿಳಿದು ಕೆಮಿಗಿಸಾಗೆ ಕನಿಕರವಾಯಿತು. ಅಲ್ಲೇ ನಿಂತು ನಾಮಕರಣ ಮಾಡಿದಳು. ನಾನು ಅಮೂತಿ, ಶ್ರಾವಣಿ ಅಬ್ವೋಲಿ. ಆಮೇಲೆ ಎಲ್ಲರಿಗೂ ಮಾಸ್ಕ್ ಕೊಟ್ಟಳು. ನಮ್ಮ ನೆಗಡಿ ಕೆಮ್ಮು ಚಿಂಪಾಂಜಿಗಳಿಗೆ ಹತ್ತಿದರೆ ಪ್ರಾಣಕ್ಕೇ ಸಂಚಕಾರವಂತೆ.

ಕಾಡಿನೊಳಗೆ ಬೆಳಕು ಕಡಿಮೆ, ಸದ್ದು ಜಾಸ್ತಿ. ಸ್ವಲ್ಪ ದೂರ ನಡೆದಿದ್ದೆವು, ತಲೆಯ ಮೇಲೆ ಕುಕ್ಕರ್ ಬುಸುಗುಟ್ಟುವ ಹಾಗೆ ಶಬ್ದವಾಯಿತು. ನಾಗರಹೊಳೆ ರಸ್ತೆಯಲ್ಲಿ ಎಷ್ಟು ಸಲ ಕೇಳಿಲ್ಲ ಆ ರೆಕ್ಕೆ ಬಡಿತವನ್ನು! "ಮಂಗಟ್ಟೆ! ಮಂಗಟ್ಟೆ!" ಎಂದು ಕೂಗಿದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಎಡಗಡೆ ಹಾರಿತು. ಕೆಮಿಗಿಸಾ ಮಾತ್ರ ಬಲಗಡೆಯ ಅತ್ತಿ ಮರಕ್ಕೆ ದುರ್ಬೀನು ಹಿಡಿದು, "ಮಂಗಬೆ? ವೇರ್?" ಎಂದು ಹುಡುಕತೊಡಗಿದಳು. ಆ ಕಾಡಿನಲ್ಲಿ ಮಂಗಬೆ ಎಂಬ ಜಾತಿಯ ಕೋತಿ ಇದೆಯಂತೆ. ನಾನು ಹಕ್ಕಿ ಎಂದೆ, ಅವಳು ಕೋತಿ ಎಂದುಕೊಂಡಳು. ತಮಾಷೆಯೆಂದರೆ ಆ ಮರದ ತುದಿಯಲ್ಲಿ ನಿಜಕ್ಕೂ ಒಂದು ಹಿಂಡು ಮಂಗಬೆ ಕೂತು ಹಣ್ಣು ತಿನ್ನುತ್ತಿತ್ತು. "ಅಮೂತಿಯವರ ಕಣ್ಣು ನನ್ನ ದುರ್ಬೀನಿಗಿಂತ ಚುರುಕು" ಎಂದು ಹೊಗಳಿದಳು. ಬಂದ ಹೊಗಳಿಕೆಯನ್ನು ಯಾಕೆ ಬಿಡಬೇಕು? ಹೌದು ಎಂದು ತಲೆಯಾಡಿಸಿದೆ. ಶ್ರಾವಣಿ ಮಾಸ್ಕಿನೊಳಗೇ ನಕ್ಕು ನಕ್ಕು ಸುಸ್ತಾದಳು.

ಆಮೇಲೆ ಡೋಲು ಬಡಿದಂತೆ ಧಡ್ ಧಡ್ ಎಂದು ಕೇಳಿಸಿತು. ಗಂಡು ಚಿಂಪಾಂಜಿಯೊಂದು ಮರದ ಹಲಗೆಯಂಥ ಬೇರನ್ನು ಕಾಲಿನಿಂದ ಬಡಿಯುತ್ತಿತ್ತು. ಅದರ ಅರಚಾಟಕ್ಕೆ ಕಾಡೆಲ್ಲ ನಡುಗಿತು. ಮೇದಿನಿ ನನ್ನ ಸೆರಗು ಹಿಡಿದುಕೊಂಡಳು. ಅತ್ತೆಯ ಸೆರಗು ಆ ಹೊತ್ತಿಗೆ ಬೇಕಾಯಿತು ನೋಡಿ! ಉಳಿದ ಚಿಂಪಾಂಜಿಗಳೂ ಮರದಿಂದ ಒಂದೊಂದಾಗಿ ಇಳಿದವು, ನಮ್ಮನ್ನು ಕಂಡೂ ಕಾಣದ ಹಾಗೆ ಹಾದುಹೋದವು.

ಎಲ್ಲದರ ಹಿಂದೆ ಒಂದು ಮುದುಕಿ ಬಂದಿತು. ಬೆನ್ನಿನ ಕೂದಲು ನರೆತಿತ್ತು, ನೆತ್ತಿ ಬೋಳಾಗಿತ್ತು, ಬಲಗೈಯಲ್ಲಿ ಬೆರಳುಗಳೇ ಇರಲಿಲ್ಲ. ಕಾಡುಹಂದಿಗೆಂದು ಯಾರೋ ಒಡ್ಡಿದ ತಂತಿ ಉರುಳಿಗೆ ಸಿಕ್ಕು ಹೋದದ್ದಂತೆ. ಐವತ್ತು ದಾಟಿದೆ, ಹಲವು ಮಕ್ಕಳನ್ನು ಸಾಕಿದೆ ಎಂದು ಕೆಮಿಗಿಸಾ ಪಿಸುಗುಟ್ಟಿದಳು. ಅವಳು ಆ ಮುದುಕಿಗೂ ಎಂಪಾಕೊ ಇಟ್ಟಿದ್ದಳು, ಅಕೀಕಿ ಎಂದು. ನಾವು ದಾರಿಯಿಂದ ಸರಿದು ನಿಂತೆವು. ಅದು ನಮ್ಮ ಎದುರಿಗೇ, ಒಂದು ಅಂಗಳದಷ್ಟು ದೂರದಲ್ಲಿ ಕೂತು, ಬೆರಳಿಲ್ಲದ ಕೈಯಲ್ಲಿ ಕೊಂಬೆಯನ್ನು ಎದೆಗೊತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಎಲೆ ಬಿಡಿಸಿ ತಿಂದಿತು. ನಂತರ ತಲೆಯೆತ್ತಿ ನನ್ನನ್ನು ನೋಡಿತು. ನಾನು ಕೈ ಮುಗಿದೆನಂತೆ. ನನಗೆ ನೆನಪಿಲ್ಲ, ಆದರೆ ಧನಂಜಯನ ಕ್ಯಾಮೆರಾದಲ್ಲಿ ಇದೆ.

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಆಮೇಲೆ ನಡೆದದ್ದನ್ನು ನಾನು ಹೇಳುವುದಿಲ್ಲ. ನಾವೆಲ್ಲ ಕೊಡೆ ಬಿಚ್ಚುವ ಗಡಿಬಿಡಿಯಲ್ಲಿದ್ದಾಗ ಅದನ್ನು ಕಣ್ಣಿಟ್ಟು ನೋಡಿದವಳು ಶ್ರಾವಣಿ. ಹೇಳುವ ಹಕ್ಕೂ ಅವಳದೇ.

ಮರುದಿನ ಬಿಗೋಡಿ ಎಂಬ ಜೌಗಿನ ಬಯಲಿನಲ್ಲಿ ನೀಲಿ ಟುರಾಕೊ ಎಂಬ ಹಕ್ಕಿ ಕಂಡಿತು. ಕೋಳಿಗಿಂತ ದೊಡ್ಡದು, ಮೈಯೆಲ್ಲ ನವಿಲಿನ ಕೊರಳ ಬಣ್ಣ, ತಲೆಯ ಮೇಲೆ ಜುಟ್ಟು. ಧನಂಜಯನ ಕಣ್ಣಲ್ಲಿ ನೀರು ಬಂತು. ಅವನ ಮದುವೆಯಲ್ಲೂ ಬಂದಿರಲಿಲ್ಲ. ಶ್ರಾವಣಿ ಮಾತ್ರ ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದಳು.

ಅಕ್ಟೋಬರಿನಲ್ಲಿ ಸಂಘದ ಸಂದೇಶ ಬಂತು. ರಾಜ್ಯೋತ್ಸವದ ಅಂಗವಾಗಿ ಮಕ್ಕಳಿಗೆ ಭಾಷಣ ಸ್ಪರ್ಧೆ, ವಿಷಯ "ನನ್ನ ಪ್ರವಾಸ". ಐದು ನಿಮಿಷ. ಊರಿನಿಂದ ಹೊಸದಾಗಿ ಬಂದ ಮಕ್ಕಳಿಗೆ ಕನ್ನಡ ವಿಭಾಗ, ಇಲ್ಲೇ ಬೆಳೆದವರಿಗೆ ಇಂಗ್ಲಿಷ್ ವಿಭಾಗ. ಕನ್ನಡ ವಿಭಾಗದಲ್ಲಿ ಇಂಗ್ಲಿಷ್ ಪದ ಬಳಸಿದರೆ ಅಂಕ ಕಡಿತ. ಯಶೋಧರ ಫೋನ್ ಮಾಡಿ, "ಅಮ್ಮಾ, ಶ್ರಾವಣಿ ಹೆಸರು ಇಂಗ್ಲಿಷ್‌ಗೆ ಹಾಕ್ಲಾ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದವಳು ಹೇಳಿದಳು, "ಕನ್ನಡ."

ಒಂದೇ ಪದ. ನಾನು ಫೋನನ್ನು ಹಾಗೇ ಹಿಡಿದುಕೊಂಡು ಅವಳ ಮುಖ ನೋಡಿದೆ. ಯಶೋಧರ ಅತ್ತಲಿಂದ ಹಲೋ ಹಲೋ ಎನ್ನುತ್ತಿದ್ದ. "ಕೇಳಿಸ್ಲಿಲ್ವೇನಪ್ಪಾ? ಕನ್ನಡ" ಎಂದು ಹೇಳಿ ಇಟ್ಟೆ.

ಮನೆಯಲ್ಲಿ ಕಲಹವಾಯಿತು. "ಬೇಡಮ್ಮಾ" ಎಂದ ಧನಂಜಯ. "ಮತ್ತೆ ಜನ ನಕ್ರೆ? ಆ ಸಲ ಮಾತಾಡೋದು ಮಾತ್ರ ಬಿಟ್ಳು. ಈ ಸಲ ಕೇಳಿಸ್ಕೊಳ್ಳೋದೂ ಬಿಡ್ತಾಳೆ." ಮೇದಿನಿ ಕಣ್ಣೊರೆಸಿಕೊಂಡಳು. ನನಗೂ ಒಳಗೊಳಗೆ ಅದೇ ಭಯ. ಇನ್ನೊಂದು ನಗು ಬಿದ್ದರೆ ನಮ್ಮ ಮನೆಯ ಕನ್ನಡ ನನ್ನ ಜೊತೆಗೇ ಮುಗಿದುಹೋಗುತ್ತದೆ, ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಹುಡುಗಿ ತಾನಾಗಿ ಬಾಗಿಲು ತೆರೆದಿದ್ದಾಳೆ, ನಾನು ಹೇಗೆ ಮುಚ್ಚಲಿ? ಕಲಿಸಿಕೊಡುತ್ತೇನೆ ಎಂದರೆ, "ನೋ ಅಜ್ಜಿ, ಐ ವಿಲ್ ಡೂ ಇಟ್" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಎರಡು ವಾರ ಆ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಗುಣುಗುಣು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಸ್ಪರ್ಧೆ ನಡೆದದ್ದು ಅಬ್ಬಾಸಿಯಾದ ಶಾಲೆಯೊಂದರ ಸಭಾಂಗಣದಲ್ಲಿ, ಶುಕ್ರವಾರ ಸಂಜೆ. ಬಾಗಿಲಲ್ಲಿ ಹಳದಿ ಕೆಂಪು ಬಾವುಟ, ಹಿಂದಿನ ಸಾಲಿನಲ್ಲಿ ಕೆಲಸ ಮುಗಿಸಿ ನೇರ ಬಂದ ಹುಡುಗರು, ಮುಂದೆ ರೇಷ್ಮೆ ಸೀರೆಗಳು. ವೈಲೆಟ್ ನನ್ನ ಪಕ್ಕ ಕೂತು ಜಪಮಾಲೆ ಎಣಿಸುತ್ತಿದ್ದಳು. ಮನೆಮಾತು ಕೊಂಕಣಿಯಾದರೂ ಕನ್ನಡದ ಕಾರ್ಯಕ್ರಮ ತಪ್ಪಿಸುವವಳಲ್ಲ. "ಅಕ್ಕನವರೇ, ಸೆರಗು ಯಾಕೆ ಹೀಗೆ ಬಿಗಿಯಾಗಿ ಸುತ್ತಿಕೊಂಡಿದ್ದೀರಿ ಮಾರಾಯ್ರೆ" ಎಂದಳು. ಚಳಿಗೆ ಎಂದೆ. ಎ.ಸಿ. ಇತ್ತಲ್ಲ, ಸುಳ್ಳಿಗೆ ಅಷ್ಟಾದರೂ ಆಧಾರವಿತ್ತು.

ಇಬ್ಬರು ಮಕ್ಕಳು ಮೈಸೂರಿನ ಬಗ್ಗೆ ಗಿಳಿಪಾಠ ಒಪ್ಪಿಸಿದ ಮೇಲೆ ಶ್ರಾವಣಿಯ ಸರದಿ ಬಂತು. ಯಶೋಧರ ತೀರ್ಪುಗಾರರ ಮೇಜಿನ ಹಿಂದೆ, ಎದುರಿಗೆ ಮೈಕು, ಗಂಟೆ.

"ನಾವು ಕಿಬಾಲೆ ಕಾಡಿಗೆ ಹೋಗಿದ್ವಿ" ಎಂದು ಶುರು ಮಾಡಿದಳು. ದನಿ ಸಣ್ಣದಿತ್ತು, ಆದರೆ ಮುರಿಯಲಿಲ್ಲ. ಕಾಡಿನ ಮರಗಳ ಬಗ್ಗೆ, ಬೇರು ಬಡಿದ ಚಿಂಪಾಂಜಿಯ ಬಗ್ಗೆ ಹೇಳಿದಳು. ಮಂಗಟ್ಟೆಗೂ ಮಂಗಬೆಗೂ ನಾನು ಮಾಡಿದ ಎಡವಟ್ಟು ಹೇಳಿದಳು. ಜನ ನಕ್ಕರು, ಅವಳೂ ನಕ್ಕಳು. ನನ್ನ ಮಾನ ಹೋದರೂ ಜೀವ ಬಂತು. ಆಮೇಲೆ ಅಂದಳು:

"ಎಲ್ಲಾ ಹೋದ್ಮೇಲೆ ಒಬ್ರು ಅಜ್ಜಿ ಬಂದ್ರು. ಅವರ ಹೆಸರು ಅಕೀಕಿ. ಅವರಿಗೆ ಕೂದಲೆಲ್ಲ ಬೆಳ್ಳಗಾಗಿತ್ತು. ಅವರು ನಮ್ಮ ಮುಂದೆ ಕೂತ್ಕೊಂಡ್ರು. ಎಲೆ ತಿಂದ್ರು."

ಸಭೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಯಾರೋ ಹಿಂದಿನಿಂದ, "ಎಲೆ ತಿಂದ್ರಾ? ಯಾರು, ಚಿಂಪಾಂಜಿನಾ?" ಎಂದು ಕೂಗಿದರು. ನಗು ಹೊರಟಿತು. ಸಾಲಿನಿಂದ ಸಾಲಿಗೆ ಹಬ್ಬಿ ಮುಂದೆ ಬಂತು. ಎಲ್ಲರಿಗೂ ಅವರು ಅನ್ನು ಎಂದು ನಾಲಿಗೆ ಸವೆಯುವಷ್ಟು ಕಲಿಸಿದವಳು ನಾನು, ಪ್ರಾಣಿಗೆ ಅದು ಎಂದು ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲವಲ್ಲ! ಯಶೋಧರ ಮೈಕು ಎಳೆದುಕೊಂಡ.

"ಪುಟ್ಟಾ, ಚಿಂಪಾಂಜಿಗೆಲ್ಲ ಬಂದ್ರು ಕೂತ್ರು ಅನ್ನಲ್ಲಮ್ಮ. ಬಂತು, ಕೂತ್ಕೊಳ್ತು. ಬಾಲ ಇರೋದಕ್ಕೆಲ್ಲ ಬಂತು!"

ನಗು ಇಮ್ಮಡಿಯಾಯಿತು. ಮೇದಿನಿ ಎದ್ದು ನಿಂತಳು, ಮಗಳನ್ನು ಕರೆತರಲು. ನಾನು ಅವಳ ಸೆರಗು ಹಿಡಿದು ಕೂರಿಸಿದೆ. ಯಾಕೆ ಕೂರಿಸಿದೆನೋ ತಿಳಿಯದು. ಶ್ರಾವಣಿ ಮೈಕನ್ನು ಕೆಳಗಿಟ್ಟಿರಲಿಲ್ಲ, ಅಷ್ಟೇ ನನಗೆ ಕಂಡದ್ದು.

"ಚಿಂಪಾಂಜಿಗೆ ಬಾಲ ಇರಲ್ಲ ಅಂಕಲ್" ಎಂದಳು.

ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು. ಈಗ ಜನ ನಕ್ಕದ್ದು ಯಶೋಧರನನ್ನು ನೋಡಿ. ಅವನೂ ಪೆಚ್ಚಾಗಿ ನಕ್ಕ. ಅವಳು ನಗಲಿಲ್ಲ. ನಗು ನಿಲ್ಲುವ ತನಕ ಕಾದು, ಪದಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೇಳಿದಳು.

"ಬಂತು ಅನ್ಬೇಕು ಅಂತ ನಂಗೆ ಗೊತ್ತು. ಪ್ರಾಣಿಗೆ ಅದು ಅಂತಾನೇ ಅನ್ನೋದು. ಬೇರೆ ಚಿಂಪಾಂಜಿಗೆಲ್ಲ ನಾನೂ ಹಾಗೇ ಅಂತೀನಿ. ಆದ್ರೆ ಅವರಿಗೆ ಫಿಫ್ಟಿ ದಾಟಿದೆ. ಕೈಯಲ್ಲಿ ಬೆರಳಿಲ್ಲ, ಆದ್ರೂ ಮಕ್ಕಳನ್ನೆಲ್ಲ ಅವರೇ ಬೆಳೆಸಿದಾರೆ. ನಾನು ಇದನ್ನ ಫಸ್ಟ್ ಇಂಗ್ಲಿಷಲ್ಲಿ ಬರ್ದೆ. ಇಂಗ್ಲಿಷಲ್ಲಿ ಶೀ ಅಂತ ಬರೀಬೇಕು. ನನ್ ಫ್ರೆಂಡೂ ಶೀ, ನಾನೂ ಶೀ, ಅವರೂ ಶೀ. ಅದು ಸಾಕಾಗಲ್ಲ. ಕನ್ನಡದಲ್ಲಿ ಅವರು ಅಂತ ಒಂದ್ ವರ್ಡ್ ಇದೆ. ಅದಕ್ಕೇ ನಾನು ಕನ್ನಡಕ್ಕೆ ಬಂದೆ." ಒಂದು ಗುಟುಕು ಉಸಿರೆಳೆದುಕೊಂಡು ಸೇರಿಸಿದಳು, "ಮಾರ್ಕ್ಸ್ ಕಟ್ ಮಾಡ್ಕೊಳ್ಳಿ ಅಂಕಲ್, ಪರವಾಗಿಲ್ಲ. ನಾನು ಅವರು ಅಂತಾನೇ ಹೇಳ್ತೀನಿ."

ಪ್ರತಿ ನವೆಂಬರಿನಲ್ಲಿ ಕನ್ನಡ ಉಳಿಸಿ ಕನ್ನಡ ಬೆಳೆಸಿ ಎಂದು ಗಂಟಲು ಹರಿದುಕೊಳ್ಳುವ ನಾವು ಇನ್ನೂರು ಜನ ಅಲ್ಲಿ ಕೂತಿದ್ದೆವು. ಕನ್ನಡ ಯಾಕೆ ಬೇಕು ಎಂದು ನಮಗೆ ಹನ್ನೆರಡು ವರ್ಷದ ಹುಡುಗಿ ಹೇಳಿಕೊಟ್ಟಳು. ಅವಳು ನನ್ನ ಮೊಮ್ಮಗಳು. ಈ ಮಾತನ್ನು ನಾನು ಹತ್ತು ಸಲ ಬೇಕಾದರೂ ಬರೆಯಬಲ್ಲೆ.

ಅವಳು ಕಥೆ ಮುಂದುವರಿಸಿದಳು. "ಆಮೇಲೆ ಮಳೆ ಬಂತು. ಅವರು..." ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾರಿಸಿದವನು ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ತೀರ್ಪುಗಾರ. ವಾದದಲ್ಲೇ ಐದು ನಿಮಿಷ ಮುಗಿದಿತ್ತು. ಶ್ರಾವಣಿ ಕೈ ಮುಗಿದು ಇಳಿದಳು. ಚಪ್ಪಾಳೆ ಬಿತ್ತು, ಎಷ್ಟು ಬಿತ್ತೆಂದರೆ ವೈಲೆಟ್ ಜಪಮಾಲೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹೊಡೆದಳು.

ಬಹುಮಾನ ಬರಲಿಲ್ಲ. ಮೊದಲನೆಯದು ಮೈಸೂರು ಅರಮನೆಯ ಗಿಳಿಗೆ, ಎರಡನೆಯದು ಇನ್ನೊಂದು ಗಿಳಿಗೆ. ಇಂಗ್ಲಿಷ್ ಪದಗಳಿಗೆ ಕಡಿತ, ವ್ಯಾಕರಣಕ್ಕೆ ಕಡಿತ, ಹೇಳಬೇಕಾದ್ದು ಮುಗಿಸಲಿಲ್ಲವೆಂದು ಕಡಿತ. ನನ್ನ ಪಿತ್ತ ನೆತ್ತಿಗೇರಿತು. ಶ್ರಾವಣಿ, "ಅಜ್ಜೀ, ಪ್ಲೀಸ್" ಎನ್ನುತ್ತಿದ್ದರೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟದ ಮೇಜಿನ ಕಡೆ ಹೊರಟೆ. ಯಶೋಧರ ಅಲ್ಲೇ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದ. ಅವನಿಗೆ ಏನೇನು ಅನ್ನಬೇಕು ಎಂಬುದೆಲ್ಲ ಆ ಯುಗಾದಿಯಿಂದಲೂ ನನ್ನ ಬಾಯಲ್ಲಿ ಸಾಲಾಗಿ ಕಾದಿತ್ತು.

"ಏನಪ್ಪಾ ಯಶೋಧರಾ" ಎಂದು ಶುರು ಮಾಡಿದೆ.

ಅವನು ನನ್ನನ್ನು ನೋಡಲೇ ಇಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ನನ್ನ ಹಿಂದೆ ಓಡಿಬಂದ ಶ್ರಾವಣಿಯ ಮುಂದೆ ಮೊಣಕಾಲು ಬಗ್ಗಿಸಿ ಕೂತ.

"ಪುಟ್ಟಾ, ಬೆಲ್ ಹೊಡೆದ್ಬಿಟ್ರಲ್ಲ. ಆಮೇಲೆ ಏನ್ ಮಾಡಿದ್ರು ಅವರು?"

"ಯಾರು ಅಂಕಲ್?" ಎಂದಳು ಶ್ರಾವಣಿ. ಯಾರೆಂದು ಅವಳಿಗೆ ಗೊತ್ತಿಲ್ಲದೆ ಏನು? ಅವನ ಬಾಯಿಂದಲೇ ಕೇಳಬೇಕಿತ್ತು. ನನ್ನ ರಕ್ತ ಅಂದರೆ ಸುಮ್ಮನೆಯೇ?

ಯಶೋಧರ ಹೇಳಿದ: "ಅವರೇ ಕಣಮ್ಮ. ಆ ಅಕೀಕಿ ಅಜ್ಜಿಯವರು."

ನನ್ನ ಬಾಯಲ್ಲಿ ಸಾಲಾಗಿ ನಿಂತಿದ್ದ ಮಾತುಗಳು ದಾರಿ ತಪ್ಪಿದವು. ಸುತ್ತ ತಟ್ಟೆ ಹಿಡಿದವರು ನಾಲ್ಕು ಜನ ಹತ್ತಿರ ಸರಿದರು. ಶ್ರಾವಣಿ ಒಮ್ಮೆ ನನ್ನ ಕಡೆ ನೋಡಿ ಹೇಳತೊಡಗಿದಳು.

"ಮಳೆ ಜೋರಾಯ್ತು ಅಂಕಲ್. ಎಲ್ಲಾ ಓಡಿಹೋದ್ವು. ಅವರಿಗೆ ಮಾತ್ರ ಬೇಗ ಏಳೋಕಾಗ್ಲಿಲ್ಲ. ಒಂದ್ಸಲ ಎದ್ದು ಮತ್ತೆ ಕೂತ್ಬಿಟ್ರು. ಆಗ ಮುಂದೆ ಹೋಗಿದ್ದ ಅವರ ಮಗ ವಾಪಸ್ ಬಂದ, ಮಗ ಅಂತ ಗೈಡೇ ಹೇಳಿದ್ರು. ಬೇರು ಬಡೀತಿದ್ನಲ್ಲ, ಎಲ್ಲರನ್ನೂ ಹೆದರಿಸ್ತಿದ್ನಲ್ಲ, ಅವನೇ."

"ಮಗ ಬಂದ್ರು, ಅಲ್ವಾ?" ಎಂದ ಯಶೋಧರ, ಕಲಿತ ಪಾಠ ಒಪ್ಪಿಸುವ ಹಾಗೆ.

"ಇಲ್ಲ ಅಂಕಲ್. ಅವನು ಚಿಕ್ಕವನು. ಬಂದ."

ಯಶೋಧರ ತಲೆದೂಗಿದ. "ಸರಿ. ಬಂದು ಏನ್ ಮಾಡ್ದ?"

"ಏನೂ ಮಾಡ್ಲಿಲ್ಲ. ಅವರ ಪಕ್ಕ ಕೂತ್ಕೊಂಡ. ಅವರು ಏಳೋವರೆಗೂ ಮಳೇಲೇ ಕೂತಿದ್ದ."

ಧನಂಜಯ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಯಾರೋ ಹುಡುಗಿಗೆ ಕುರ್ಚಿ ತಂದುಕೊಟ್ಟರು, ಅವಳು ಕೂರಲಿಲ್ಲ. ಇನ್ನೊಬ್ಬರು ಮುದುಕಿ ಏನು ತಿನ್ನುತ್ತಾರೆ ಎಂದು ಕೇಳಿದರು, ಮತ್ತೊಬ್ಬರು ಬೆರಳು ಹೋದದ್ದು ಹೇಗೆ ಎಂದರು. ಅವಳು ಕೈ ಆಡಿಸಿಕೊಂಡು, ತಡವರಿಸಿಕೊಂಡು, ಮಧ್ಯೆ ಮಧ್ಯೆ ಇಂಗ್ಲಿಷನ್ನು ಒಗ್ಗರಣೆ ಹಾಕಿಕೊಂಡು ಒಬ್ಬೊಬ್ಬರಿಗೂ ಉತ್ತರ ಹೇಳಿದಳು. ಎರಡು ಕಡೆ ತಪ್ಪು ಮಾಡಿದಳು. ನಾನು ತಿದ್ದಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಹೆಗಲಿಗೆ ಹೊದ್ದುಕೊಂಡು, ಉಳಿದವರ ಜೊತೆ ನಿಂತು ನನ್ನ ಮೊಮ್ಮಗಳ ಕನ್ನಡ ಕೇಳಿದೆ.